ಬಂದ್ ಬಿದ್ದ ಹೆಜ್ಜಿ ಮೇಳ ಗಣಮಕ್ಕಳ ಸಲುವಾಗಿ ಮತ್ತ ಸುರು ಮಾಡಬೇಕಂತೀವಿ, ತಿಳದವ್ರು ಹೇಳ್ರಿ

ಬನಹಟ್ಟಿ ಮಗ್ಗದಾಂವ (ಪ್ರಶ್ನೆ)

ಎಲ್ಲಾರಿಗೂ ನಮಸ್ಕಾರ್ರಿ. ನಂದು ಬನಹಟ್ಟಿ, ಪಾವರ್‌ಲೂಮ್ ಶೆಡ್ಡಿನ್ಯಾಗ ದುಡಿತೀನಿ. ಭಾಳ ದಿನದಿಂದ ಒಂದು ವಿಚಾರ ತಲ್ಯಾಗ ಐತಿ. ಊರಾಗ ಕೇಳಿದ್ರ ಒಬ್ರು ಒಂದೊಂದು ಹೇಳ್ತಾರ, ಅದಕ್ಕ ಇಲ್ಲೆ ಕೇಳಾಕತ್ತೀನಿ.

ನಮ್ಮ ಓಣ್ಯಾಗ ನಲವತ್ತು ದಾಟಿದ ಗಣಮಕ್ಕಳ ಪರಿಸ್ಥಿತಿ ಛಲೋ ಇಲ್ರಿ. ಸ್ವಂತ ಮಗ್ಗ ಇದ್ದವ್ರು ಮಗ್ಗ ಮಾರಿ ಮತ್ತೊಬ್ರ ಶೆಡ್ಡಿಗೆ ಕೂಲಿಗೆ ಹೊಂಟಾರ. ನೂಲಿನ ರೇಟ್ ಏರತೈತಿ, ಸೀರಿ ರೇಟ್ ಇದ್ದಲ್ಲೇ ಐತಿ. ಸಂಘದ ಸಾಲ, ಫೈನಾನ್ಸ್ ಸಾಲ, ಮಗಳ ಮದಿವಿ ಸಾಲ. ಇಡೀ ಪಾಳಿ ಮಗ್ಗದ ಸಪ್ಪಳದಾಗ ನಿಂತು ಮನಿಗೆ ಬಂದ್ರ ಯಾರ ಕೂಡಾನೂ ಮಾತಿಲ್ಲ. ಹೊಟ್ಟಿ ಉರಿ, ಎದಿ ಬ್ಯಾನಿ, ನಿದ್ದಿ ಇಲ್ಲ ಅಂತ ದವಾಖಾನಿಗೆ ಹೋಗ್ತಾರ, ಗ್ಯಾಸಿನ ಗುಳಿಗಿ ತರ್ತಾರ. ಮನಸಿಗೆ ತ್ರಾಸ ಆಗೇತಿ ಅಂತ ಒಬ್ರೂ ಬಾಯಿ ಬಿಟ್ಟು ಹೇಳೂದಿಲ್ಲ.

ನಮ್ಮ ಅಣ್ಣಂದೂ ಹಿಂಗ ಐತ್ರಿ. ಎರಡು ಮಗ್ಗ ಇದ್ದು, ಮಾರಿದ. ಆವಾಗಿಂದ ಕಟ್ಟಿಗೆ ಬರೂದ ಬಿಟ್ಟ. ಊಟಕ್ಕ ಎಲ್ಲಾರ ಕೂಡ ಕುಂಡ್ರೂದಿಲ್ಲ. ರಾತ್ರಿ ಎದ್ದು ಬಾಗಲದಾಗ ಕುಂದರ್ತಾನ ಅಂತ ವೈನಿ ಹೇಳ್ತಾರ. ಕೇಳಿದ್ರ ‘ಆರಾಮ ಅದೀನಿ’ ಅಂತಾನ, ಅಷ್ಟ. ಈ ಮೊಹರಂಗೆ ಬಾಜೂ ಊರಿನ ಹೆಜ್ಜಿ ಮೇಳ (ಹಲಗಿ ತಾಳಕ್ಕ ಸಾಲಾಗಿ ನಿಂತು ಹೆಜ್ಜಿ ಹಾಕಿ ಕುಣ್ಯೂ ತಂಡ) ನಮ್ಮ ಊರಿಗೆ ಬಂದಿತ್ತು. ಅಣ್ಣ ಹರೇದಾಗ ನಮ್ಮ ಓಣಿ ಮೇಳದಾಗ ಮುಂದಿನ ಸಾಲಿನಾಗ ಹೆಜ್ಜಿ ಹಾಕ್ತಿದ್ದ. ಅವತ್ತ ದೂರ ನಿಂತು ನೋಡಾಕತ್ತಿದ್ದ. ಆ ಮೇಳದ ಮಾಸ್ತರ್‌ರಿಗೆ ಅವನ ಗುರುತು ಸಿಕ್ತು, ಬಂದು ಕೈ ಹಿಡದು ಎಳಕೊಂಡು ಹೋದ್ರು. ಕಾಲು ಮರತಿರ್ಲಿಲ್ರಿ. ಅಂಗಿ ಪೂರಾ ತೊಯ್ಯೂಮಟ ಕುಣದ. ಮನಿಗೆ ಬಂದು ತಾನ ಕೇಳಿ ರೊಟ್ಟಿ ಹಾಕಿಸಿಕೊಂಡ. ಉಂಡ ಮ್ಯಾಲ ಸಾಲ ಎಷ್ಟ ಐತಿ, ಯಾರ್‍ಯಾರಿಗೆ ಕೊಡೂದೈತಿ ಅಂತ ಮೊದಲನೇ ಸಲ ನನ್ನ ಮುಂದ ಬಿಚ್ಚಿ ಹೇಳಿದ. ಒಂದು ವಾರ ಬ್ಯಾರೇ ಮನಶ್ಯಾ ಆಗಿದ್ದ. ಆಮ್ಯಾಲ ಮತ್ತ ಮೊದಲಿನಂಗ.

ನಮ್ಮ ಓಣಿ ಮೇಳ ಬಂದ್ ಬಿದ್ದು ಭಾಳ ವರ್ಷ ಆತು. ಹುಡುಗ್ರು ಇಚಲಕರಂಜಿ, ಪುಣೆ ಕಡೆ ಹ್ವಾದ್ರು, ಮಾಸ್ತರ್ ಕಾಕಾಗ ವಯಸ್ಸಾತು, ಹಬ್ಬಕ್ಕ ಡಿಜೆ ಬಂತು. ಈಗ ನಾನು, ನನ್ನ ಇಬ್ರು ದೋಸ್ತರು ಕೂಡಿ ವಾರಕ್ಕೊಮ್ಮೆ ಮೇಳ ಸುರು ಮಾಡೂನು ಅಂತೀವಿ. ಹಬ್ಬಕ್ಕ ಅಲ್ಲ, ಕಾಂಪಿಟೇಶನ್ನಿಗೆ ಅಲ್ಲ. ಓಣ್ಯಾಗಿನ ಗಣಮಕ್ಕಳು ವಾರಕ್ಕ ಒಂದು ತಾಸು ಕೂಡಿ ಹೆಜ್ಜಿ ಹಾಕೂದು, ಆಮ್ಯಾಲ ಚಾ ಕುಡ್ಯೂದು.

ಕೇಳೂದು ಏನಂದ್ರ: ಇದರಿಂದ ಖರೇನ ಮನಸಿಗೆ ಉಪಯೋಗ ಆಗ್ತೈತೇನ್ರಿ, ಇಲ್ಲಾ ಅವತ್ತ ಆದದ್ದು ಒಂದ ದಿನದ ಮಾತೇನು? ಮೊಹರಂ ಹೆಜ್ಜಿ ಬ್ಯಾರೇ ತಿಂಗಳದಾಗ ಹಾಕಿದ್ರ ದೇವ್ರಿಗೆ ಅಪಚಾರ ಅಂತಾರ ಕೆಲವ್ರು, ಅದಕ್ಕ ಏನ ಹೇಳೂದು? ಕುಡದು ಬರೋರನ್ನ ಹೆಂಗ ಮಾಡೂದು? ಮತ್ತ ಯಾವ ವಿಷಯಕ್ಕ ಹುಷಾರಿರಬೇಕು?

ಬೀಳಗಿ ಕಡೆ ಮೇಳದ ಮಾಸ್ತರ್

ತಮ್ಮಾ, ಓದಿ ಭಾಳ ಸಮಾಧಾನ ಆತು. ನಾನು ಸಣ್ಣವ ಇದ್ದಾಗಿಂದ ಮೇಳದಾಗ ಅದೀನಿ, ಈಗ ಹುಡುಗ್ರಿಗೆ ಕಲಸ್ತೀನಿ. ಅವತ್ತ ನಿಮ್ಮ ಅಣ್ಣಗ ಆದದ್ದು ಹೊಸಾದೇನಲ್ಲ. ಮೇಳದಾಗ ಇದನ್ನ ನಾವು ದಿನಾ ನೋಡೇವಿ.

ಮೊದಲು ದೇವ್ರ ಮಾತು ಮುಗಸೂನು. ಹುಸೇನರು ಮಡಿದ ಕರ್ಬಲಾದ ದುಃಖದ ರಿವಾಯತ್ ಪದ ಅದಾವಲ್ಲ, ಅವನ್ನ ಮೊಹರಂ ಬಿಟ್ಟು ಹಾಡಬ್ಯಾಡ್ರಿ. ಅದು ಆ ತಿಂಗಳಿಗೆ ಸೇರಿದ್ದು, ಹಂಗ ಇರಲಿ. ಹೆಜ್ಜಿ ಮಾತ್ರ ಎಲ್ಲಾ ತಿಂಗಳಿಗೂ ಸೇರಿದ್ದು. ಅದಕ್ಕ ತತ್ವಪದ ಹಾಡ್ರಿ, ಸುಗ್ಗಿ ಪದ ಹಾಡ್ರಿ, ಸವಾಲ್-ಜವಾಬ್ ಹಾಡ್ರಿ. ಸುರು ಮಾಡೂ ಮುಂದ ನಿಮ್ಮೂರ ಮಸೂತಿ ಹಿರ್‍ಯಾರನ್ನ ಒಮ್ಮಿ ಕಂಡು ಕೇಳಿ ಬರ್ರಿ. ಬ್ಯಾಡ ಅನ್ನೂದಿಲ್ಲ. ನಮ್ಮ ಕಡೆ ಮೊಹರಂದಾಗ ಕೂಡಸೂ ಅಲಾಯಿ ದೇವ್ರ ಮುಂದ ಲಿಂಗಾಯತರು, ಕುರುಬರು, ಸಾಬರು, ಹರಿಜನರು ಎಲ್ಲಾ ಕೂಡೇ ಹೆಜ್ಜಿ ಹಾಕಿದವ್ರು. ಕೇಳಿ ಸುರು ಮಾಡಿದ್ರ ಅವರ ಮನಿ ಹುಡುಗ್ರೂ ಬರ್ತಾರ, ಅದ ದೊಡ್ಡದು.

ಇನ್ನ ದಗದದ ಮಾತು. ಜಾಗಾ ಮಣ್ಣಿಂದ ಇರಲಿ. ಫರಸಿ ಮ್ಯಾಲ, ಸಿಮೆಂಟ್ ರಸ್ತಾದ ಮ್ಯಾಲ ನಲವತ್ತು ದಾಟಿದವ್ರು ಕುಣದ್ರ ನಾಳಿಂದ ಮೊಳಕಾಲ ಹಿಡಿತಾವು, ಎರಡನೇ ವಾರ ಬರೂದಿಲ್ಲ. ಗುಡಿ ಮುಂದ ಬ್ಯಾಡ, ಮಸೂತಿ ಮುಂದೂ ಬ್ಯಾಡ. ಸಾಲಿ ಬಯಲ ಛಲೋ. ಡಿಜೆ ಹಚ್ಚಬ್ಯಾಡ್ರಿ. ಇಡೀ ದಿನ ಮಗ್ಗದ ಸಪ್ಪಳ ಕೇಳಿದ ಕಿವಿಗೆ ಮತ್ತ ಸ್ಪೀಕರ್ ಯಾಕ. ಒಂದು ಹಲಗಿ, ಒಂದು ಜೋಡಿ ತಾಳ, ಒಂದು ಸೀಟಿ ಸಾಕು.

ಸುರುವಾತಿಗೆ ಸಾದಾ ಹೆಜ್ಜಿ ಹಾಕಸ್ರಿ. ಎರಡು ಮುಂದ, ಒಂದು ಹಿಂದ, ಬಲಗಾಲ ತಟ್ಟಿ ತಿರಗೂದು. ಕೈಯಾಗ ಒಂದೊಂದು ವಸ್ತ್ರ ಕೊಡ್ರಿ, ಇಲ್ಲಂದ್ರ ಹೊಸಬ್ರಿಗೆ ಕೈ ಎಲ್ಲಿಡಬೇಕು ತಿಳಿಯೂದಿಲ್ಲ, ನಾಚಕೊಂಡು ಹಿಂದ ಸರೀತಾರ. ಯಾರನ್ನೂ ನಡುವ ನಿಲ್ಲಿಸಿ ‘ಎಲ್ಲಿ, ಹಾಕು ನೋಡೂನು’ ಅನಬ್ಯಾಡ್ರಿ. ಎರಡು ಸಾಲು ಮಾಡಿ, ಹೆಜ್ಜಿ ಬರಾವ, ಬರದಾವ ಜೋಡಿ ನಿಲ್ಲಿಸ್ರಿ. ತಪ್ಪಿದ್ರ ಮಾಸ್ತರ್ ಹೆಸರ ಹಿಡದು ಕೂಗೂದು ಕಾಂಪಿಟೇಶನ್‌ದಾಗ. ನಿಮ್ಮಲ್ಲಿ ಅದು ಬ್ಯಾಡ.

ನಾನು ಮೇಳದಾಗ ಕಂಡದ್ದು ಒಂದೈತಿ. ನಮ್ಮ ಗಣಮಕ್ಕಳನ್ನ ಎದುರಿಗೆ ಕುಂದ್ರಿಸಿ ‘ಏನ ಆಗೇತಿ ಹೇಳು’ ಅಂದ್ರ ಒಂದು ಅಕ್ಷರ ಹೊರಗ ಬರೂದಿಲ್ಲ. ಹೆಗಲಿಗೆ ಹೆಗಲ ಹಚ್ಚಿ ಹೆಜ್ಜಿ ಹಾಕಿ, ಬೆವರ ಒರಸಿಕೋತ ಬಾಜೂಕ ಕುಂತಾಗ ತಾವ ಸುರು ಮಾಡ್ತಾರ. ಅದರಾಗೂ ಹಲಗಿ ಕಾಸೂ ಮುಂದ! ಥಂಡ್ಯಾಗ ಚರ್ಮ ಸಡ್ಲ ಆಗ್ತೈತಿ, ನಡನಡುವ ಬೆಂಕಿ ಮಾಡಿ ಹಲಗಿ ಕಾಸಬೇಕು. ಬೆಂಕಿ ಸುತ್ತ ಮೂರ್‍ನಾಕು ಮಂದಿ ಹಲಗಿ ಹಿಡದು ನಿಂತಿರ್ತಾರ, ಎಲ್ಲಾರ ಕಣ್ಣು ಬೆಂಕಿ ಮ್ಯಾಲ. ಯಾರ ಮುಖಾನೂ ಯಾರೂ ನೋಡೂದಿಲ್ಲ. ಅಲ್ಲೆ ಎಷ್ಟೋ ಮನಿ ಮಾತು ಹೊರಗ ಬಂದಾವು. ಪ್ಲಾಸ್ಟಿಕ್ ಹಲಗಿ ತರಬ್ಯಾಡ್ರಿ, ಅದನ್ನ ಕಾಸೂ ಪ್ರಶ್ನೇನ ಇಲ್ಲ, ಆ ನಿಲ್ಲೂ ಹೊತ್ತೂ ಇಲ್ಲ.

ಇನ್ನೊಂದು ಮಾತು, ಇದನ್ನ ಮನಸಿಗೆ ಹಚ್ಕೊಂಡು ಕೇಳ್ರಿ. ಹಲಗಿ ಬಾರಸೂ ಮಂದೀನ ನಮ್ಮ ಊರಾಗ ಹಬ್ಬಕ್ಕ ಕರಸ್ತಾರ, ಬಾರಸಿದ ಮ್ಯಾಲ ದೂರ ನಿಲ್ಲಸ್ತಾರ, ಬ್ಯಾರೇ ಕಪ್ಪಿನ್ಯಾಗ ಚಾ ಕೊಡ್ತಾರ. ಗಣಮಕ್ಕಳ ಮನಸು ಹಗುರ ಮಾಡೂ ಮೇಳ ಅಂತ ಹೇಳಿ ಒಬ್ಬನ್ನ ಹಂಗ ನಿಲ್ಲಿಸಿದ್ರ ಆ ಮೇಳ ಹುಟ್ಟೂದ ಬ್ಯಾಡ. ಬಾರಸೂ ತಮ್ಮನೂ ಅದ ಕಟ್ಟಿ ಮ್ಯಾಲ ಕುಂದರ್ಲಿ, ಅದ ಕಪ್ಪಿನ್ಯಾಗ ಚಾ ಕುಡೀಲಿ. ಅವನ ಮನ್ಯಾಗೂ ಸಾಲ ಐತಿ, ಅವನಿಗೂ ನಿದ್ದಿ ಇಲ್ಲ.

ವಿಜಯಪುರ ಆಪ್ತಸಮಾಲೋಚಕಿ

ನಾನು ವಿಜಯಪುರ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡ್ತೀನಿ. ಅಣ್ಣಾರ, ನೀವು ಕೇಳಿದ್ದು ತುಂಬಾ ಮುಖ್ಯವಾದ ಪ್ರಶ್ನೆ. ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದ್ರಿ.

ಉಪಯೋಗ ಆಗ್ತದೆ. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಖಿನ್ನತೆಗೆ ವ್ಯಾಯಾಮ ಎಷ್ಟರ ಮಟ್ಟಿಗೆ ನೆರವಾಗ್ತದೆ ಅಂತ ನೋಡಿದ ದೊಡ್ಡ ವಿಶ್ಲೇಷಣೆ ಬಂತು. 218 ಅಧ್ಯಯನ, 14,170 ಜನ. ನಡಿಗೆ, ಓಟ, ಯೋಗ, ಭಾರ ಎತ್ತುವುದು ಇವೆಲ್ಲ ಖಿನ್ನತೆ ಇಳಿಸ್ತಾವೆ ಅಂತ ಅದರಲ್ಲಿ ಕಂಡಿತು. ಕುಣಿತದ ಪರಿಣಾಮವೂ ದೊಡ್ಡದಾಗಿಯೇ ಕಂಡಿತು. ಆದರೆ ಕುಣಿತದ ಮೇಲಿನ ಅಧ್ಯಯನಗಳು ಕಡಿಮೆ, ಒಳಗೊಂಡ ಜನರೂ ಕಡಿಮೆ, ಹಾಗಾಗಿ ಅದನ್ನೇ ಔಷಧ ಅಂತ ಬರೆದುಕೊಡುವಷ್ಟು ಗಟ್ಟಿ ಪುರಾವೆ ಇನ್ನೂ ಆಗಿಲ್ಲ.

ಮಾಸ್ತರ್ ಅಣ್ಣಾರು ಹೆಗಲಿಗೆ ಹೆಗಲು ಅಂದರಲ್ಲ, ಅದಕ್ಕೆ ಹತ್ತಿರದ ಒಂದು ಪ್ರಯೋಗ ಬ್ರೆಜಿಲ್ ದೇಶದಲ್ಲಿ ನಡೆದದ್ದು, 2015ರಲ್ಲಿ ಪ್ರಕಟವಾಯ್ತು. 264 ಹರೆಯದ ಹುಡುಗ ಹುಡುಗಿಯರನ್ನ ಗುಂಪುಗುಂಪಾಗಿ ಕುಣಿಸಿ ನೋಡಿದರು. ಕೆಲವರದು ಎಲ್ಲರದೂ ಒಂದೇ ಹೆಜ್ಜೆ, ಕೆಲವರದು ಒಬ್ಬೊಬ್ಬರದು ಒಂದೊಂದು. ಕೆಲವರು ಬೆವರು ಬರುವ ಹಾಗೆ ಕುಣಿದರು, ಕೆಲವರು ಕುಂತಲ್ಲೇ ಕೈ ಆಡಿಸಿದರು. ಒಂದೇ ತಾಳಕ್ಕೆ ಕೂಡಿ ಕುಣಿದದ್ದೂ, ಬೆವರು ಬರುವಷ್ಟು ಕುಣಿದದ್ದೂ, ಎರಡೂ ಬೇರೆ ಬೇರೆಯಾಗಿಯೇ ನೋವು ತಾಳುವ ಶಕ್ತಿ ಹೆಚ್ಚಿಸಿದವು, ಜೊತೆಯವರು ನಮ್ಮವರು ಅನ್ನುವ ಭಾವನೆಯನ್ನೂ ಹೆಚ್ಚಿಸಿದವು. ಹೆಜ್ಜೆ ಮೇಳದಲ್ಲಿ ಈ ಎರಡೂ ಇವೆ. ಒಬ್ಬರೇ ಜಿಮ್ಮಿಗೆ ಹೋದರೆ ಬೆವರು ಸಿಗ್ತದೆ, ಜೊತೆ ಸಿಗೋದಿಲ್ಲ.

ಇನ್ನು ಹುಷಾರಿನ ಮಾತು. 2021ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,64,033 ಜನ ಅಂತ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಲೆಕ್ಕ. ಅದರಲ್ಲಿ 1,18,979 ಜನ ಗಂಡಸರು. ದಿನಗೂಲಿ ಮಾಡುವವರೇ 42,004. ಈ ಸಂಖ್ಯೆ ನಿಮ್ಮ ಶೆಡ್ಡಿನ ಬಾಗಿಲತನಕ ಬರ್ತದೆ ಅಂತ ತಿಳೀರಿ. ಗಂಡಸರಲ್ಲಿ ಖಿನ್ನತೆ ಬಹಳ ಸಲ ಅಳುವಿನ ರೂಪದಲ್ಲಿ ಬರೋದಿಲ್ಲ. ಸಿಟ್ಟು, ಕುಡಿತ, ಎದೆ ನೋವು, ಹೊಟ್ಟೆ ಉರಿ, ಬೆಳಗಿನ ಜಾವ ಮೂರಕ್ಕೆ ಎಚ್ಚರ, ಇವೇ ಅದರ ಮುಖ. ನಿಮ್ಮ ಅಣ್ಣನ ಬಗ್ಗೆ ನೀವು ಬರೆದದ್ದರಲ್ಲಿ ನಿದ್ದೆ, ಊಟ, ಜನರ ಸಂಗ ಮೂರೂ ಕೆಟ್ಟಿವೆ. ಎರಡು ವಾರ ದಾಟಿ ಹೀಗೇ ಇದ್ದರೆ ವೈದ್ಯರಿಗೆ ತೋರಿಸಬೇಕು. ಮೇಳ ಸುರುವಾಗುವವರೆಗೂ ಕಾಯಬೇಡ್ರಿ, ಇದೇ ವಾರ ಕರಕೊಂಡು ಹೋಗ್ರಿ. ರಾಜ್ಯದ ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ತಾಲೂಕಿನದು ವಿಚಾರಿಸ್ರಿ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಹೋಗೋದಕ್ಕೆ ಆಗದಿದ್ದರೆ 14416ಕ್ಕೆ ಫೋನ್ ಮಾಡ್ರಿ. ಟೆಲಿ ಮಾನಸ್ ಅಂತ ಅದರ ಹೆಸರು, ಹಗಲು ರಾತ್ರಿ ಇರ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮನೆಯವರೂ ಮಾಡಬಹುದು.

ಒಂದು ಪ್ರಶ್ನೆ ಕೇಳೋದಕ್ಕೆ ಎಲ್ಲರೂ ಹೆದರ್ತಾರೆ. ‘ಅಣ್ಣಾ, ಸತ್ತು ಹೋಗಬೇಕು ಅಂತ ಅನಸ್ತದೇನು?’ ನೇರವಾಗಿ, ಒಬ್ಬರೇ ಇದ್ದಾಗ, ಮೆತ್ತಗೆ ಕೇಳ್ರಿ. ಕೇಳಿದರೆ ಆ ವಿಚಾರ ತಲೆಯಲ್ಲಿ ಹುಟ್ಟೋದಿಲ್ಲ. ಇದ್ದರೆ ಹೇಳಿಕೊಳ್ಳೋಕೆ ಜಾಗ ಸಿಗ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡ್ರಿ, ಅವತ್ತೇ ಆಸ್ಪತ್ರೆಗೆ ಹೋಗ್ರಿ. ಪೊಲೀಸ್ ಕೇಸ್ ಆಗ್ತದೆ ಅಂತ ಮನೆಯವರು ಮುಚ್ಚಿಡ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಅವರಿಗೆ ಶಿಕ್ಷೆಯಲ್ಲ, ಆರೈಕೆ ಕೊಡಬೇಕು.

ಮೇಳದ ಬಗ್ಗೆ ಎರಡು ಮಾತು, ಇವನ್ನ ಮರೀಬೇಡ್ರಿ. ರಾತ್ರಿಯಿಡೀ ತಾಲೀಮು ಇಡಬೇಡ್ರಿ. ಬೈಪೋಲಾರ್ ಅನ್ನೋ ಕಾಯಿಲೆ (ಒಮ್ಮೆ ಅತಿಯಾದ ಉತ್ಸಾಹ, ಒಮ್ಮೆ ಖಿನ್ನತೆ) ಇದ್ದವರಿಗೆ ನಿದ್ದೆ ಕೆಟ್ಟರೆ ಕಾಯಿಲೆ ಮರುಕಳಿಸಬಹುದು. ಒಂಬತ್ತು ಗಂಟೆಯೊಳಗೆ ಮುಗಿಸ್ರಿ. ಇನ್ನೊಂದು, ‘ಇವತ್ತಿನಿಂದ ಕುಡಿಯೋದು ಬಂದ್ ಮಾಡಿದರೆ ಮಾತ್ರ ಮೇಳಕ್ಕೆ ಬಾ’ ಅಂತ ಆಣೆ ಹಾಕಿಸಬೇಡ್ರಿ. ದಿನಾ ಜಾಸ್ತಿ ಕುಡಿಯೋರು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದೊಳಗೆ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯ ಆದದ್ದುಂಟು. ಅಂಥವರನ್ನ ವೈದ್ಯರ ಹತ್ತಿರ ಕರಕೊಂಡು ಹೋಗಿ ಬಿಡಿಸಬೇಕು. ಅವತ್ತು ಕುಡಿದು ಬಂದವರನ್ನ ಕುಣಿಸಬೇಡ್ರಿ, ಆದರೆ ಹೊರಗೂ ಹಾಕಬೇಡ್ರಿ. ಕೂಡಿಸಿ ಚಹಾ ಕೊಡ್ರಿ.

ಅಥಣಿ ಕಡೆಯವ

ಎಲ್ಲಾರೂ ಕುಣಿತದ ಉಪಯೋಗ ಹೇಳಾಕತ್ತೀರಿ. ಕುಣ್ಯಾಕ ಆಗದವ್ರ ಪರವಾಗಿ ನಾನು ಹೇಳ್ತೀನಿ, ಯಾಕಂದ್ರ ನನಗ ಖಿನ್ನತೆ ಕಾಯಿಲೆ ಆಗಿತ್ತು.

ನಮ್ಮದು ಬೀರದೇವರ ಒಕ್ಕಲ, ಮನಿ ತುಂಬ ಡೊಳ್ಳು. ನಾನು ಮಂಕಾಗಿ ಮಲಗಿದಾಗ ಕಾಕಾಂದಿರು ‘ಎದ್ದು ಡೊಳ್ಳ ಕಟ್ಟು, ಎಲ್ಲಾ ಸರಿ ಹೋಗ್ತೈತಿ’ ಅಂತ ಜಾತ್ರ್ಯಾಗ ಎಬ್ಬಿಸಿ ನಿಲ್ಲಸಿದ್ರು. ಪ್ರೀತಿಯಿಂದನ ಮಾಡಿದ್ರು. ಆದ್ರ ಅವಾಗ ನನಗ ಡೊಳ್ಳಿನ ಭಾರ ಹೊರಾಕ ಆಗಲಿಲ್ಲ, ಮಂದಿ ನೋಡೂದು ತಡಕೊಳ್ಳಾಕ ಆಗಲಿಲ್ಲ. ಸುತ್ತಲೂ ಎಲ್ಲಾರೂ ಖುಷಿಲಿಂದ ಕುಣ್ಯಾಕತ್ತಾರ, ನನ್ನೊಳಗ ಏನೂ ಹುಟ್ಟವಲ್ದು. ಇದರಾಗೂ ನಾ ಸೋತೆ ಅಂತ ಅನಿಸಿ ಮತ್ತಷ್ಟು ಕುಸದೆ. ಆ ರಾತ್ರಿ ನೆನದ್ರ ಇವತ್ತಿಗೂ ಎದಿ ಝಲ್ ಅಂತೈತಿ.

ಗುಳಿಗಿ ಸುರು ಆಗಿ, ನಿದ್ದಿ ಹತ್ತಾಕ ಹತ್ತಿದ ಮ್ಯಾಲ ಡೊಳ್ಳಿನ ಪದದ ಹಿಮ್ಮೇಳಕ್ಕ ಹೋಗಿ ಕುಂತೆ. ತಾಳ ಕೊಟ್ರು. ತಾಳ ಹಾಕೂದ ಅಷ್ಟ ದಗದ. ಯಾರೂ ನನ್ನ ಕಡೆ ನೋಡೂದಿಲ್ಲ, ಆದ್ರ ನಾ ತಪ್ಪಿದ್ರ ಪದ ತಪ್ತೈತಿ, ಅಂದ್ರ ನಾ ಅಲ್ಲೆ ಬೇಕು. ಅಲ್ಲಿಂದ ಡೊಳ್ಳಿಗೆ ಬರಾಕ ವರ್ಷದ ಮ್ಯಾಲ ಹಿಡೀತು.

ಅದಕ್ಕ ಬನಹಟ್ಟಿ ಅಣ್ಣಾರ, ಕುಣ್ಯೂದನ್ನ ಕಡ್ಡಾಯ ಮಾಡಬ್ಯಾಡ್ರಿ. ಬಯಲಿನ ಬಾಜೂಕ ಒಂದು ಕಟ್ಟಿಯೋ ಜಮಖಾನಿಯೋ ಇರಲಿ. ಬಂದು ಬರೇ ಕುಂತು ಹೋಗಾವಗೂ ಮಾನ ಇರಲಿ. ಹಲಗಿ ಕಾಸೂದು, ನೀರ ತರೂದು, ತಾಳ ಹಾಕೂದು, ಸಣ್ಣ ಸಣ್ಣ ದಗದ ಇಡ್ರಿ. ಗುಳಿಗಿ ತಗೊಳ್ಳೋರಿಗೆ ‘ಮೇಳಕ್ಕ ಬಂದಿ, ಇನ್ನ ಗುಳಿಗಿ ಯಾಕ’ ಅಂತ ಯಾರೂ ಅನ್ನಬಾರದು. ನನಗ ಒಬ್ರು ಅಂದ್ರು, ನಡುವ ಬಿಟ್ಟೆ, ಮತ್ತ ಹಾಸಿಗಿ ಹಿಡದೆ.

ನವನಗರ ಬಾಗಲಕೋಟೆ

ಅಥಣಿ ಅಣ್ಣ ಹೇಳಿದ್ದು ನೂರಕ್ಕ ನೂರು ಖರೆ. ನಂದು ಬ್ಯಾರೇ ಮಾತೈತಿ.

ನಮ್ಮ ಊರು ಆಲಮಟ್ಟಿ ಹಿನ್ನೀರಿನಾಗ ಹೋತು. ಡ್ಯಾಮಿನ ನೀರು 519.60 ಮೀಟರಿಗೆ ನಿಂತಾಗ ಎಷ್ಟೋ ಊರು, ಹಳೇ ಬಾಗಲಕೋಟೆಯ ಅರ್ಧಾ ಪ್ಯಾಟಿ ಹ್ವಾದ್ವು, ಈಗ 524.256ಕ್ಕ ಏರಸೂ ಮಾತು ನಡದೈತಿ, ಮತ್ತಷ್ಟು ಮಂದಿ ಏಳಬೇಕು. ಪರಿಹಾರದ ರೊಕ್ಕ ಬಂತು, ಹೋತು. ಅಪ್ಪ ಹೊಲ ಕಳಕೊಂಡ ಮ್ಯಾಲ ಪುನರ್ವಸತಿ ಕೇಂದ್ರದ ಮನ್ಯಾಗ ಇಪ್ಪತ್ತು ವರ್ಷ ಬರೇ ಗೋಡಿಗೆ ಬೆನ್ನು ಹಚ್ಚಿ ಕುಂತು ಕಾಲ ಕಳದ. ಹಳೇ ಊರಾಗ ಅಗಸಿ ಕಟ್ಟಿ ಇತ್ತು, ಗರಡಿ ಮನಿ ಇತ್ತು, ಭಜನಿ ಇತ್ತು. ಹೊಸಾ ಊರಾಗ ಸೆಕ್ಟರ್ ನಂಬರ್ ಇತ್ತು. ಪ್ಲಾಟ್ ಹಂಚೂ ಮುಂದ ಒಂದ ಓಣಿ ಮಂದಿ ದಿಕ್ಕಾಪಾಲ ಆದ್ರು, ಹಲಗಿ ಬಾರಸೂ ಕಾಕಾ ಒಂದು ತುದಿಗೆ, ಹೆಜ್ಜಿ ಹಾಕೂ ಮಾಮಾ ಒಂದು ತುದಿಗೆ. ಮೇಳ ಹೆಂಗ ಉಳೀತೈತಿ ಹೇಳ್ರಿ.

ಅಪ್ಪ ಜೀವಂತ ಅದಾನ ಅಂತ ನಮಗ ಗೊತ್ತಾಗ್ತಿದ್ದದ್ದು ಹೋಳಿ ಬಂದಾಗ. ಬಾಗಲಕೋಟೆ ಹೋಳಿ ನಿಮಗೆಲ್ಲಾ ಗೊತ್ತ ಐತಿ, ಹಬ್ಬ ಇನ್ನೂ ದೂರ ಇದ್ದಾಗ ಹಲಗಿ ಸುರು ಆಗ್ತಾವು. ಹಲಗಿ ಸಪ್ಪಳ ಬಂದ್ರ ಅಪ್ಪ ತಾನ ಬಸ್ ಹತ್ತಿ ಹಳೇ ಬಾಗಲಕೋಟೆಗೆ ಹೋಗ್ತಿದ್ದ, ರಾತ್ರಿ ಹೊಳ್ಳಿ ಬಂದು ಅವತ್ತ ಯಾರ್‍ಯಾರು ಭೆಟ್ಟಿ ಆದ್ರು ಅಂತ ಎಲ್ಲಾರ ಹೆಸರ ಹೇಳಾಂವ. ಹುಣ್ಣಿವಿ ಮುಗದು ಬಣ್ಣ ತೊಳದ್ರ ಮತ್ತ ಗೋಡಿ. ವರ್ಷಕ್ಕೊಮ್ಮೆ ಸಾಲೂದಿಲ್ರಿ. ನೀವು ವಾರಕ್ಕೊಮ್ಮೆ ಅಂದದ್ದ ಸರಿ ಐತಿ. ನಮ್ಮ ಅಪ್ಪಗ ವಾರಕ್ಕೊಮ್ಮೆ ಸಿಕ್ಕಿದ್ರ ಅಂತ ಈಗ್ಲೂ ಅನಸ್ತೈತಿ.

ವಾರದ ದಿನ ಒಮ್ಮಿ ಇಟ್ಟದ್ದನ್ನ ಬದಲ ಮಾಡಬ್ಯಾಡ್ರಿ, ಇಬ್ಬರ ಬಂದ್ರೂ ನಡಸ್ರಿ. ಗೋಡಿಗೆ ಕುಂತಾಂವ ಒಂದಿನ ಎದ್ದು ಬಂದಾಗ ಅಲ್ಲೆ ಯಾರೂ ಇಲ್ಲಂದ್ರ ಮತ್ತ ಬರೂದಿಲ್ಲ.

ರಬಕವಿ ಅಕ್ಕ

ನಮ್ಮ ಮನ್ಯಾವ್ರೂ ಮಗ್ಗದಾಗ ದುಡೀತಾರ. ಹೆಣ್ಮಕ್ಕಳ ಕಡಿಂದ ಒಂದು ಮಾತು ಹೇಳಬೇಕಂತ ಬರ್‍ಯಾಕತ್ತೀನಿ.

ಮೇಳ ಪಗಾರದ ದಿನ ಸಂಜೀಮುಂದ ಇಡ್ರಿ. ವಾರದ ಪಗಾರ ಕೈಯಾಗ ಬಂದ ತಾಸಿನ್ಯಾಗ ಎಲ್ಲಿ ಹೋಗ್ತಾರ ಅಂತ ನಮಗ ಗೊತ್ತು. ಆ ತಾಸಿನ್ಯಾಗ ಕಾಲಿಗೆ ಗೆಜ್ಜಿ ಇದ್ರ ರೊಕ್ಕ ಮನೀತನಾ ಬರ್ತೈತಿ. ನನ್ನ ಪಾಲಿಗೆ ಇದ ಎಲ್ಲಾಕಿಂತ ದೊಡ್ಡ ಮಾತು.

ಮತ್ತ ಸಾಲದ ವಿಷಯ ಯಾರೂ ಹೇಳಲಿಲ್ಲ. ಕುಣದ್ರ ಮನಸು ಹಗುರ ಆದೀತು, ಸಾಲ ಹಗುರ ಆಗೂದಿಲ್ಲ. ಫೈನಾನ್ಸಿನವ್ರು ಮನಿ ಮುಂದ ಬಂದು ನಿಂತು ಬಾಯಿಗೆ ಬಂದಂಗ ಅಂತಾರಲ್ಲ, ಆ ಅವಮಾನಾನ ಗಣಮಕ್ಕಳನ್ನ ತಿಂತೈತಿ. 2025ರ ಫೆಬ್ರವರಿಯಾಗ ನಮ್ಮ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂತು, ಆಮ್ಯಾಲ ಅದ ಕಾಯ್ದೆ ಆತು. ಮೈಕ್ರೋ ಫೈನಾನ್ಸ್‌ದವ್ರು, ಬಡ್ಡಿ ವ್ಯವಹಾರದವ್ರು ಬೆದರಿಸಿ, ಮನಿ ಮುಂದ ಕುಂತು ವಸೂಲಿ ಮಾಡೂದು ಅಪರಾಧ, ಹತ್ತು ವರ್ಷದಮಟ ಜೈಲ ಐತಿ. ಪೊಲೀಸರು ದೂರು ತಗೊಳ್ಳೂದಿಲ್ಲ ಅನ್ನಂಗಿಲ್ಲ. ನಮ್ಮ ಸಂಘದ ಸಭಾದಾಗ ಇದನ್ನ ಓದಿ ಹೇಳಿದ ಮ್ಯಾಲ ಎಷ್ಟೋ ಮನ್ಯಾಗ ಧೈರ್ಯ ಬಂತು. ಮೇಳ ಮುಗದು ಚಾ ಕುಡ್ಯೂ ಮುಂದ ನೀವೂ ಓದಿ ಹೇಳ್ರಿ, ಒಬ್ರ ಸಾಲದ ಕಾಗದ ಇನ್ನೊಬ್ರು ಕೂಡಿ ನೋಡ್ರಿ. ತಾಲೂಕಾ ಕೋರ್ಟಿನ್ಯಾಗ ಕಾನೂನು ಸೇವಾ ಸಮಿತಿ ಇರ್ತೈತಿ, ಬಡವ್ರಿಗೆ ಪುಕ್ಕಟೆ ವಕೀಲರನ್ನ ಕೊಡ್ತಾರ.

ಬರೇ ಗಣಮಕ್ಕಳು ಅಂತ ಇಟ್ಟದ್ದಕ್ಕ ನನ್ನ ತಕರಾರಿಲ್ಲ. ನಮಗ ಕೋಲಾಟ ಐತಿ, ಸೋಬಾನ ಐತಿ, ಕುಟ್ಟೂ ಬೀಸೂ ಮುಂದ ಹಾಡಿ ಅತ್ತು ಹಗುರ ಆದವ್ರು ನಮ್ಮ ಅವ್ವಂದಿರು. ನಿಮಗ ಅಳೂ ಜಾಗಾ ಎಲ್ಲೂ ಇಲ್ಲ.

ಬನಹಟ್ಟಿ ಮಗ್ಗದಾಂವ

ಎಲ್ಲಾರಿಗೂ ಕೈ ಮುಗೀತೀನ್ರಿ. ಇಷ್ಟು ಮಂದಿ ಇಷ್ಟು ವಿಚಾರ ಮಾಡಿ ಬರದ್ರಿ. ವೈನಿಗೆ ಎಲ್ಲಾ ಓದಿ ಹೇಳಿದೆ.

ಆಪ್ತಸಮಾಲೋಚಕಿ ಅಕ್ಕಾರ, ನೀವು ಹೇಳಿದ ಪ್ರಶ್ನೆ ಅಣ್ಣಗ ಕೇಳಿದೆ. ‘ಕೆಲವೊಂದು ರಾತ್ರಿ ಅನಸ್ತೈತಿ’ ಅಂದ. ಕೈ ಕಾಲು ಥಂಡ ಆದ್ವು ನನಗ. ಅವತ್ತ ವೈನಿ, ನಾನು, ಅಣ್ಣ ಮೂರೂ ಮಂದಿ ಆಸ್ಪತ್ರಿಗೆ ಹೋಗಿ ಬಂದ್ವಿ. ಡಾಕ್ಟರ್ ಗುಳಿಗಿ ಬರದು ಕೊಟ್ಟಾರ, ಗುಣ ಕಾಣಾಕ ಎರಡ್ಮೂರು ವಾರ ಹಿಡೀತೈತಿ, ನಡುವ ಬಿಡಬ್ಯಾಡ್ರಿ ಅಂದಾರ. ಈಗ ರಾತ್ರಿ ನಾನೂ ಅಣ್ಣನ ಮನ್ಯಾಗ ಮಲಗ್ತೀನಿ.

ಮಸೂತಿ ಹಿರ್‍ಯಾರು ಒಪ್ಯಾರ, ಅವರ ಅಣ್ಣನ ಮಗನೂ ಬರ್ತಾನಂತ. ಸಾಲಿ ಬಯಲ ಕೇಳೇವಿ. ಪಗಾರದ ದಿನಾನ ಇಡೂದು ಅಂತ ಆಗೇತಿ. ಹಲಗಿ ಬಾರಸೂ ತಮ್ಮ ಮೊದಲು ‘ಎಷ್ಟ ಕೊಡ್ತೀರಿ’ ಅಂದ. ಕೊಡೂದ ಕೊಡ್ತೀವಿ, ಆದ್ರ ನೀನೂ ಮೇಳದಾವ ಅಂತ ಹೇಳಿ ಬಂದೇವಿ.

ಇನ್ನ ಉಳದದ್ದು ಎರಡು. ಗೆಜ್ಜಿ ಹೊಸಾವು ತರಾಕ ರೊಕ್ಕ ಸಾಲವಲ್ದು, ಯಾರ ಹಂತೇಕರೆ ಹಳೇವು ಇದ್ರ ಹೇಳ್ರಿ. ಮತ್ತ ಅಣ್ಣಗ ಬಾ ಅಂತ ಹೆಂಗ ಕರೀಲಿ? ನಿನ್ನ ಸಲುವಾಗಿ ಮಾಡೇವಿ ಅಂದ್ರ ಬರೂದಿಲ್ಲ ಅಂವ.

ಬೀಳಗಿ ಕಡೆ ಮೇಳದ ಮಾಸ್ತರ್

ತಮ್ಮಾ, ದವಾಖಾನಿಗೆ ಕರಕೊಂಡು ಹೋಗಿ ಭಾಳ ದೊಡ್ಡ ದಗದ ಮಾಡಿದ್ರಿ.

ಅವರ ಸಲುವಾಗಿ ಅಂತ ಹೇಳಬ್ಯಾಡ್ರಿ. ‘ಅಣ್ಣಾ, ಹುಡುಗ್ರಿಗೆ ತಿರಗೂ ಹೆಜ್ಜಿ ಬರವಲ್ದು, ನಿಮ್ಮ ಮಾಸ್ತರ್ ಕಾಕಾ ಈಗ ಕುಂತ ಹೇಳ್ತಾರ, ನಿಂತು ತೋರಸಾಕ ಒಬ್ರು ಬೇಕು’ ಅನ್ರಿ. ಸುಳ್ಳು ಏನೈತಿ ಅದರಾಗ, ಖರೇನ ಬೇಕು ಅವ್ರು. ಮೊದಲನೇ ವಾರ ಬರಲಿಲ್ಲಂದ್ರ ಸಿಟ್ಟಾಗಬ್ಯಾಡ್ರಿ, ಎರಡನೇ ವಾರ ಮತ್ತ ಕರೀರಿ. ಗುಳಿಗಿ ಹೊಸಾದಾಗಿ ಸುರು ಆದಾಗ ಜ್ವಾಂಪ ಬರ್ತೈತಿ ಕೆಲವ್ರಿಗೆ, ಅಥಣಿ ಅಣ್ಣ ಹೇಳಿದಂಗ ತಾಳ ಕೊಟ್ಟು ಕುಂದ್ರಿಸ್ರಿ.

ಗೆಜ್ಜಿ ನಮ್ಮ ಹಂತೇಕ ಹಳೇವು ಅದಾವು, ಚರ್ಮದ ಪಟ್ಟಿ ಹೊಸಾದು ಹೊಲಸಬೇಕು, ಅಷ್ಟ. ಜಮಖಂಡಿ ಸಂತಿ ದಿನ ಬರ್ತೀನಿ, ಬಸ್‌ಸ್ಟ್ಯಾಂಡಿನ್ಯಾಗ ತಗೊಂಡು ಹೋಗ್ರಿ. ಚೀಲ ದೊಡ್ಡದು ತರ್ರಿ, ತೂಕ ಅದಾವು.